ಕಿವಿಯಕ್ಕನ ಎಡಗೈ

ಕಿವಿಯಕ್ಕನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಎಡಕಿವಿ ಪೂರ್ತಿ ಸತ್ತಿತ್ತು. ಬಲಕಿವಿಗೆ, ಎದುರು ನಿಂತು ಹೇಳಿದ ಮಾತು ಹೇಗೋ ತಲುಪುತ್ತಿತ್ತು. ಆದರೂ ಕಾರ್ಖಾನೆಗೆಲ್ಲ ಅವಳು ಕಿವಿಯಕ್ಕನೇ. ಗೂಡಿನಲ್ಲಿ ಸುಟ್ಟು ಬಂದ ಕಮೋಡುಗಳನ್ನು ದಿನಕ್ಕೆ ಇನ್ನೂರು ತಟ್ಟಿ, ಯಾವುದರ ಹೊಟ್ಟೆಯಲ್ಲಿ ಕಣ್ಣಿಗೆ ಕಾಣದ ಬಿರುಕಿದೆ ಎಂದು ಹೇಳುವವಳು ಅವಳು. ಹತ್ತೊಂಬತ್ತು ವರ್ಷದಲ್ಲಿ ಅವಳ ಕೈ ದಾಟಿ ಹೋದ ಮಾಲು ಒಡೆದು ವಾಪಸು ಬಂದದ್ದು ಇಲ್ಲವೆನ್ನುವಷ್ಟು ಕಡಿಮೆ. ಆ ಕಿವಿಗೆ ಚಿನ್ನ ಕಟ್ಟಿಸಬೇಕು ಅಂತ ದೊಡ್ಡ ಎಂಜಿನಿಯರು ಒಂದು ಸಲ ಎಲ್ಲರೆದುರು ಹೇಳಿದ್ದ. ಮಾತಿಗೇನು, ಖರ್ಚಿಲ್ಲ.

ಕಿವಿ ತಿಂದದ್ದು ಗೂಡಿನ ಪಕ್ಕದ ದೊಡ್ಡ ಫ್ಯಾನು. ಅವಳ ಮೇಜು ಅದರಿಂದ ಆರು ಹೆಜ್ಜೆ. ಕಿವಿಗೆ ಹಾಕಿಕೊಳ್ಳಲು ಹತ್ತಿ ಕೊಡಿ ಅಂತ ಮೊದಲ ವರ್ಷ ಕೇಳಿದ್ದಳು. ಕಿವಿ ಮುಚ್ಚಿಕೊಂಡರೆ ಮಾಲಿನ ಸದ್ದು ಹೇಗೆ ಕೇಳ್ತೀಯ ಅಂತ ಗುತ್ತಿಗೆದಾರ ನಕ್ಕಿದ್ದ. ಮಾತು ಸರಿಯಾಗಿಯೇ ಇತ್ತು, ಅವಳೂ ನಕ್ಕಿದ್ದಳು. ಹನ್ನೆರಡನೇ ವರ್ಷದ ಹೊತ್ತಿಗೆ ಸದ್ದು ಹೋಯಿತು.

ಆದರೆ ಅಷ್ಟರಲ್ಲಿ ಎಡಗೈ ಕಲಿತುಬಿಟ್ಟಿತ್ತು. ಬಲಗೈಯಲ್ಲಿ ಮರದ ಕೊಡತಿ, ಎಡಗೈ ಬರಿದಾಗಿ ಕಮೋಡಿನ ಹೊಟ್ಟೆಯ ಮೇಲೆ. ನೋಡುವವರಿಗೆ ಅದು ಮಾಲು ಅಲುಗದಿರಲಿ ಎಂದು ಇಟ್ಟ ಕೈ. ಒಂದು ಪೆಟ್ಟು ಹಾಕಿದರೆ, ಗಟ್ಟಿ ಮಾಲಿನ ನಡುಕ ಅಂಗೈ ತುಂಬ ಒಂದೇ ಸಮ ಹರಡಿ ನಿಲ್ಲುತ್ತಿತ್ತು. ಬಿರುಕಿದ್ದರೆ ಹೆಬ್ಬೆರಳ ಬುಡದಲ್ಲಿ ದಾರಿ ತಪ್ಪಿದ ಇರುವೆಯ ಹಾಗೆ ತಡವರಿಸುತ್ತಿತ್ತು. ಗಟ್ಟಿಯಾದರೆ ನೀಲಿ ಸೀಮೆಸುಣ್ಣದಲ್ಲಿ ಒಂದು ಗೀಟು. ಬಿರುಕಿದ್ದರೆ ಕಾಲ ಬಳಿಯ ಕಬ್ಬಿಣದ ಸುತ್ತಿಗೆ ಎತ್ತಿ ಅಲ್ಲೇ ಒಡೆಯಬೇಕು. ಯಾರನ್ನೂ ಕೇಳಬೇಕಾಗಿಲ್ಲ. ಬಿರುಕಿನ ಕಮೋಡು ಯಾರದೋ ಭಾರಕ್ಕೆ ಒಡೆದರೆ ತೊಡೆ ಸೀಳಿ ಹೋಗುತ್ತದೆ. ಈ ಒಂದು ಅಧಿಕಾರ ಅವಳಿಗಿತ್ತು, ಅದನ್ನು ಅವಳು ಒಮ್ಮೆಯೂ ತಪ್ಪಾಗಿ ಬಳಸಿರಲಿಲ್ಲ.

ಕಿವಿ ಹೋದದ್ದು ಗೊತ್ತಿದ್ದದ್ದು ಅವಳ ತಂಗಿಗೊಬ್ಬಳಿಗೆ. ತಂಗಿಯೂ ಅಲ್ಲೇ, ನೀಲಿ ಗೀಟು ಬಿದ್ದ ಮಾಲನ್ನು ಸೊಂಟದ ಮೇಲಿಟ್ಟು ಪ್ಯಾಕಿಂಗಿಗೆ ಹೊರುತ್ತಿದ್ದಳು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ ಎಂದು ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು.

ಇನ್ನು ನೀರಿನ ವಿಷಯ. ಕಮೋಡು ಮಾಡುವ ಆ ಕಾರ್ಖಾನೆಯಲ್ಲಿ ಗುತ್ತಿಗೆ ಹೆಂಗಸರಿಗೆ ಕಕ್ಕಸಿರಲಿಲ್ಲ. ಇತ್ತು, ಬಾಗಿಲು ತೆರೆಯುತ್ತಿರಲಿಲ್ಲ. ಕತ್ತಿನಲ್ಲಿ ಕಾಯಂ ನೌಕರರ ಕಾರ್ಡು ತೂಗುವವರು ಗೋಡೆಯ ಪೆಟ್ಟಿಗೆಗೆ ಕಾರ್ಡು ತೋರಿಸಿದರೆ ಬಾಗಿಲು ತೆರೆದುಕೊಳ್ಳುತ್ತಿತ್ತು. ಉಳಿದವರಿಗೆ ಮಣ್ಣಿನ ಗುಡ್ಡದ ಹಿಂದೆ ಒಂದು ಚರಂಡಿ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಮಾತ್ರ. ಅದರ ಎದುರಿಗೇ ಲಾರಿ ನಿಲ್ಲುವ ಜಾಗ. ಹೆಂಗಸರು ಏಳೆಂಟು ಜನ ಒಟ್ಟಿಗೆ ಹೋಗುತ್ತಿದ್ದರು. ಒಬ್ಬಳು ಕೂತರೆ ಉಳಿದವರು ಸುತ್ತ ಬೆನ್ನು ಕೊಟ್ಟು ನಿಂತು, ಮಣ್ಣು ಮೆತ್ತಿ ಹಲಗೆಯಾದ ತಮ್ಮ ಏಪ್ರನ್ನುಗಳನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿಯುತ್ತಿದ್ದರು. ಅದಕ್ಕೆ ಗೋಡೆ ಕಟ್ಟುವುದು ಅಂತ ಹೆಸರು. ಜಗಳವಾಡಿ ಮಾತು ಬಿಟ್ಟವರೂ ಗೋಡೆಗೆ ಬರುತ್ತಿದ್ದರು. ಗೋಡೆಗೆ ಬರುವುದಿಲ್ಲ ಎಂದವಳು ಆವರೆಗೆ ಒಬ್ಬಳೂ ಇರಲಿಲ್ಲ.

ದಿನಕ್ಕೆ ಒಂದೇ ಸಲ ಹೋಗಬೇಕಾದರೆ ನೀರು ಕುಡಿಯಬಾರದು. ಕಿವಿಯಕ್ಕ ಹತ್ತೊಂಬತ್ತು ವರ್ಷ ಗೂಡಿನ ಬಿಸಿಯಲ್ಲಿ ನೀರು ಕುಡಿಯದೆ ನಿಂತಳು. ಈಗ ಉಚ್ಚೆ ಹೊಯ್ದರೆ ಉರಿ. ಒಮ್ಮೊಮ್ಮೆ ಕೆಂಪು. ಡಾಕ್ಟರು ಚೀಟಿ ನೋಡಿ, "ಒಂದು ಮೂತ್ರಪಿಂಡ ಹೋಗಿದೆ. ಇನ್ನೊಂದು ಅದೇ ದಾರಿ ಹಿಡಿದಿದೆ. ದಿನಾ ಮೂರು ಲೀಟರ್ ನೀರು ಕುಡೀಬೇಕು. ಔಷಧಿ ಅಂದ್ರೆ ಅದೇ" ಅಂದ.

"ನೀರು ಕುಡಿಯೋಕೆ ಕಾರ್ಡು ಬೇಕು ಡಾಕ್ಟ್ರೆ" ಅಂದಳು ಕಿವಿಯಕ್ಕ. ಡಾಕ್ಟರಿಗೆ ಅರ್ಥವಾಗಲಿಲ್ಲ.

ಆ ಬೇಸಿಗೆಯಲ್ಲೇ ಪ್ರತಿಭೆ ಮೇಡಂ ಬಂದದ್ದು. ಅವರ ಹುದ್ದೆಯ ಹೆಸರು ಉದ್ದ ಇತ್ತು, ಪ್ರತಿಭಾ ನಿರ್ವಹಣೆ ಏನೇನೋ. ಹೆಂಗಸರ ಬಾಯಲ್ಲಿ ಪ್ರತಿಭೆ ಮೇಡಂ ಆದರು. ಒಳ್ಳೆಯವರೇ, ಎಲ್ಲರನ್ನೂ ನೀವು ಎಂದೇ ಮಾತಾಡಿಸುತ್ತಿದ್ದರು. ಬೆಣ್ಣೆಯಲ್ಲಿ ಕೂದಲು ತೆಗೆಯುವ ಜಾತಿ. ಬಂದ ವಾರದಲ್ಲೇ ಮುಂಬಾಗಿಲ ಹಾಲಿನಲ್ಲಿ ಒಂದು ದೊಡ್ಡ ಹಲಗೆ ಹಾಕಿಸಿದರು. ಗಿರಾಕಿಗಳಿಗೆ ತೋರಿಸುವ ಕಮೋಡುಗಳು ದೀಪದ ಕೆಳಗೆ ಪೀಠದ ಮೇಲೆ ಸಾಲಾಗಿ ಕೂರುವ ಹಾಲು ಅದು. ಹಲಗೆಯಲ್ಲಿ ಒಂಬತ್ತು ಮನೆ. ಪ್ರತಿ ಮನೆಯಲ್ಲೂ ನೌಕರರ ಫೋಟೋ. ಕೆಳಗಿನ ಎಡ ಮೂಲೆ ಕೆಂಪು, ಅಲ್ಲಿರುವವರಿಗೆ ಮುಂದೆ ದಾರಿಯಿಲ್ಲ. ಮೇಲಿನ ಬಲ ಮೂಲೆ ಹಸಿರು, ಅಲ್ಲಿರುವವರು ನಾಳೆಯ ಸಾಹೇಬರು.

ಹೆಂಗಸರಿಗೆ ಹಲಗೆ ತೋರಿಸಲು ಒಂದು ದಿನ ಒಳಗೆ ಕರೆದರು. ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಬಂದರು. ಕಿವಿಯಕ್ಕ ಒಂಬತ್ತೂ ಮನೆ ಹುಡುಕಿ ಕೇಳಿದಳು, "ನಮ್ದು ಎಲ್ಲಿದೆ ಮೇಡಂ?"

"ನೀವು ಗುತ್ತಿಗೆ ಅಲ್ವಾ. ಈ ಹಲಗೆ ಮಾನವ ಸಂಪನ್ಮೂಲದ್ದು. ನೀವು ಸಾಮಗ್ರಿ ಖರೀದಿ ವಿಭಾಗಕ್ಕೆ ಬರ್ತೀರಿ."

"ಅಂದ್ರೆ ಜೇಡಿಮಣ್ಣು, ಡೀಸೆಲ್ಲು ಬರೋ ಕಡೆ?"

"ಹೂಂ, ಆ ಥರ" ಅಂದರು ಮೇಡಂ. ಸುಳ್ಳು ಹೇಳಲಿಲ್ಲ. ಮುಖ ಕೂಡ ಕೆಡಲಿಲ್ಲ.

ತಿಂಗಳು ಕಳೆದ ಮೇಲೆ ಮೇಡಂ ತಾವೇ ಗೂಡಿನ ಹತ್ತಿರ ಬಂದರು. ಮೂಗಿಗೆ ಕರವಸ್ತ್ರ ಹಿಡಿದು ಅವಳೆದುರು ನಿಂತು ಹೇಳಿದರು. ಅವಳ ವಿದ್ಯೆ ಅಪರೂಪದ್ದಂತೆ. ಅದು ಅವಳೊಬ್ಬಳ ಹತ್ತಿರ ಉಳಿದರೆ ಸಂಸ್ಥೆಗೆ ಅಪಾಯವಂತೆ. ಒಂದು ಯಂತ್ರ ಬರುತ್ತದೆ, ಅದಕ್ಕೂ ಒಬ್ಬ ಹೊಸ ಎಂಜಿನಿಯರಿಗೂ ಮೂವತ್ತು ದಿನದಲ್ಲಿ ಕೆಲಸ ಕಲಿಸಿಕೊಟ್ಟರೆ, ಗುತ್ತಿಗೆಯವರಲ್ಲಿ ಒಬ್ಬರನ್ನು ಕಾಯಂ ಮಾಡುವ ಜಾಗ ಅವಳದೇ.

"ಕಾರ್ಡು ಕೊಡ್ತೀರಾ?"

"ಕಾಯಂ ಅಂದ್ರೆ ಕಾರ್ಡು ಇದ್ದೇ ಇರುತ್ತೆ."

"ಹಾಗಾದ್ರೆ ಕಲಿಸ್ತೀನಿ."

ಸಂಜೆ ತಂಗಿ ಕೇಳಿದಳು, "ಕಿವಿ ಮೇಲೆ ಹೂ ಇಡ್ತಿಲ್ಲ ತಾನೇ?" "ಇಟ್ರೆ ಇಡ್ಲಿ, ಆ ಕಿವಿ ಹೆಂಗೂ ಕೆಲ್ಸಕ್ಕೆ ಬರಲ್ಲ" ಅಂದಳು ಕಿವಿಯಕ್ಕ. ಅಕ್ಕತಂಗಿಯರು ಹೊಟ್ಟೆ ಹಿಡಿದು ನಕ್ಕರು. ನಕ್ಕದ್ದಕ್ಕೆ ಕಿವಿಯಕ್ಕನಿಗೆ ಕಿಬ್ಬೊಟ್ಟೆ ಉರಿಯಿತು.

ಯಂತ್ರದವರು ಬಂದು ಅವಳ ಬಲಗೈಗೆ ತಂತಿಗಳಿದ್ದ ಕೈಗವಸು ತೊಡಿಸಿದರು. ಕಿವಿಯ ಪಕ್ಕ ಮೈಕು ಕಟ್ಟಿದರು. ಕೊಡತಿ ಹಿಡಿದ ಕೈಯಲ್ಲವೇ ಕೆಲಸ ಮಾಡುವುದು, ಹೆಸರೇ ಕಿವಿಯಕ್ಕ ಅಲ್ಲವೇ. ಕಾರ್ಖಾನೆಯಲ್ಲಿ ಓದಿದವರು ಅಷ್ಟು ಜನ, ಎಡಗೈ ಅಲ್ಲಿ ಏನು ಮಾಡುತ್ತಿದೆ ಅಂತ ಒಬ್ಬನೂ ಕೇಳಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ ಅನ್ನುತ್ತಾರೆ. ಇವರಿಗೆ ಕನ್ನಡಿ ಹಿಡಿದರೂ ಅಂಗೈ ಕಾಣುತ್ತಿರಲಿಲ್ಲ. ಅವಳೂ ಹೇಳಲಿಲ್ಲ. ಎಡಗೈ ವಿಷಯ ಹೇಳಿದರೆ ಕಿವಿಯ ವಿಷಯ ಹೊರಬರುತ್ತದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ತಟ್ಟಿದಳು. ಯಂತ್ರ ಬಲಗೈಯನ್ನೂ ಸತ್ತ ಕಿವಿಯನ್ನೂ ಕಲಿಯಿತು.

ಹೊಸ ಎಂಜಿನಿಯರು ಒಬ್ಬ ಕನ್ನಡಕದ ಹುಡುಗಿ. ಇಪ್ಪತ್ತನಾಲ್ಕು ವಯಸ್ಸು. ಮೊದಲ ದಿನವೇ ಕಾಲಿನ ಬಳಿ ಸ್ಟೂಲು ಹಾಕಿಕೊಂಡು ಕೂತು, "ಅಕ್ಕ, ನನಗೆ ಏನೂ ಗೊತ್ತಿಲ್ಲ, ಹೇಳ್ಕೊಡಿ" ಅಂದಳು. ಕಾಯಂ ನೌಕರರು ಯಾರೂ ಅವಳನ್ನು ಬರಿಯ ಅಕ್ಕ ಅಂದಿರಲಿಲ್ಲ. ಹುಡುಗಿ ಚುರುಕು. ಹತ್ತನೇ ದಿನ ಅವಳು ಕಂಡುಹಿಡಿದಳು. ಹಿಂದಿನಿಂದ ಕರೆದಳು, ಕಿವಿಯಕ್ಕ ತಿರುಗಲಿಲ್ಲ. ಇನ್ನೂ ಜೋರಾಗಿ ಕರೆದಳು. ಮುಂದೆ ಬಂದು ನಿಂತಳು.

"ಅಕ್ಕ, ನಿಮಗೆ ಕೇಳಿಸ್ತಿಲ್ಲ."

ಕಿವಿಯಕ್ಕನ ಬಾಯಿ ಒಣಗಿತು. ನೀರು ಕುಡಿಯದ ಬಾಯಿ, ಇನ್ನಷ್ಟು ಒಣಗಿತು.

"ಯಾರಿಗೂ ಹೇಳಲ್ಲ. ಮತ್ತೆ ಹೇಗೆ ಹೇಳ್ತೀರಿ ಬಿರುಕಿದೆ ಅಂತ?"

ಆ ಹುಡುಗಿ ಅಂದು ತನ್ನ ಕತ್ತಿನ ಕಾರ್ಡು ತೆಗೆದು ಕಿವಿಯಕ್ಕನ ಏಪ್ರನ್ನಿನ ಜೇಬಿಗೆ ಹಾಕಿದಳು. "ಹೋಗಿ ಬನ್ನಿ. ಮುಖ ನೋಡಿದ್ರೆ ಗೊತ್ತಾಗುತ್ತೆ." ಕಿವಿಯಕ್ಕ ಹೋದಳು. ಬಾಗಿಲು ತೆರೆಯಿತು. ಒಳಗೆ ಬಿಳಿ ಹೆಂಚು, ನಲ್ಲಿ, ಚಿಲಕ. ಕೂತದ್ದು ತನ್ನ ಕೈಯಿಂದಲೇ ದಾಟಿ ಬಂದ ಮಾಲಿನ ಮೇಲೆ. ಅಭ್ಯಾಸಕ್ಕೆ ಅಂಗೈ ಇಟ್ಟು ಬೆರಳಿಂದ ತಟ್ಟಿ ನೋಡಿದಳು, ಗಟ್ಟಿಯಿತ್ತು. ಚಿಲಕ ಹಾಕಿಕೊಂಡು ಒಬ್ಬಳೇ ಕೂತು ಅವಳು ಅತ್ತಳು. ಆಮೇಲೆ ನಲ್ಲಿಗೆ ಬಾಯಿ ಕೊಟ್ಟು ಹೊಟ್ಟೆ ತುಂಬ ನೀರು ಕುಡಿದಳು.

ವಾಪಸು ಬಂದು ಹುಡುಗಿಯ ಎಡಗೈ ಹಿಡಿದು ಕಮೋಡಿನ ಮೇಲೆ ಇಟ್ಟಳು. ಅದರ ಮೇಲೆ ತನ್ನ ಕೈ ಇಟ್ಟಳು. "ಕಿವಿ ಮುಚ್ಚಿಕೋ. ಇಲ್ಲಿ ನೋಡು, ಹೆಬ್ಬೆರಳ ಬುಡ." ಇಪ್ಪತ್ತು ದಿನ ಹೀಗೆ ನಡೆಯಿತು. ದಿನಕ್ಕೆ ಎರಡು ಸಲ ಕಾರ್ಡು, ಉಳಿದ ಹೊತ್ತು ಅಂಗೈ. ಅವಳ ಉರಿ ಕಡಿಮೆಯಾಯಿತು. ಹುಡುಗಿಯ ಕೈಗೆ ಇರುವೆ ಸಿಕ್ಕಿತು.

ಮೂವತ್ತನೇ ದಿನ ಯಂತ್ರ ಪರೀಕ್ಷೆಯಲ್ಲಿ ನಪಾಸಾಯಿತು. ಬಿರುಕಿನ ಮಾಲಿಗೆಲ್ಲ ಹಸಿರು ದೀಪ ಹಾಕಿತು. ಮೇಲಿನವರು ಮೇಡಂನ ಕೇಳಿದರು. ಮೇಡಂ ಸುಮ್ಮನೆ ಕೂರಲಿಲ್ಲ, ಹುಡುಗಿಯ ಕಡತ ತೆಗೆಸಿ ನೋಡಿದರು. ಬಾಗಿಲಿನ ಪೆಟ್ಟಿಗೆಯಲ್ಲಿ ಎಲ್ಲ ದಾಖಲಾಗುತ್ತದೆ. ಹುಡುಗಿ ಮೀಟಿಂಗಿನಲ್ಲಿ ಕೂತಿದ್ದ ಹೊತ್ತಿಗೇ ಅವಳ ಕಾರ್ಡು ಕಕ್ಕಸಿನ ಬಾಗಿಲು ತೆರೆದಿತ್ತು. ಒಂದು ಸಲ ಅಲ್ಲ, ಒಂಬತ್ತು ಸಲ.

"ಇದು ಕೆಂಪು ಮನೆಗೆ ಹೋಗೋ ವಿಷಯ" ಅಂದರು ಮೇಡಂ, ಬೆಣ್ಣೆಯ ಹಾಗೆಯೇ.

ಹುಡುಗಿ ಅರ್ಧ ಗಂಟೆ ಅತ್ತಳಂತೆ. ಆಮೇಲೆ ಕಣ್ಣೊರೆಸಿಕೊಂಡು ಎಲ್ಲವನ್ನೂ ಹೇಳಿದಳಂತೆ. ಸತ್ತ ಕಿವಿಯನ್ನೂ, ಎಡಗೈಯನ್ನೂ, ಹೆಬ್ಬೆರಳ ಬುಡವನ್ನೂ. ಚಿತ್ರ ಬರೆದು ತೋರಿಸಿದಳಂತೆ. ಮರುದಿನ ಅವಳ ಫೋಟೋ ಹಲಗೆಯ ಮೇಲಿನ ಬಲ ಮೂಲೆಗೆ ಏರಿತ್ತು.

ಅದೇ ದಿನ, ಕಾಯಂ ಮಾಡುವ ಮುಂಚಿನ ತಪಾಸಣೆ ಅಂತ ಹೇಳಿ, ಕಿವಿಯಕ್ಕನ ಕಿವಿ ಪರೀಕ್ಷೆ ಮಾಡಿದರು. ಅಂದು ಮಧ್ಯಾಹ್ನ ಗೋಡೆ ಕಟ್ಟುವ ಹೊತ್ತಿಗೆ ಸರಿಯಾಗಿ ಮುಂಬಾಗಿಲ ಹಾಲಿಗೆ ಕರೆ ಬಂತು. ಅವಳು ಚರಂಡಿಗೆ ಹೋಗದೆ ಬಂದಳು. ಕಾಯಂ ಕಾಗದ ಕೊಡುತ್ತಾರೆ ಅಂದುಕೊಂಡಿದ್ದಳು, ಏಪ್ರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡಿದ್ದಳು. ಕಾವಲುಗಾರ ಮೆತ್ತನೆ ಕುರ್ಚಿ ತೋರಿಸಿ, ಗಿರಾಕಿಗಳಿಗೆ ಕೊಡುವ ನೀರಿನ ಬಾಟಲಿ ಕೊಟ್ಟ. ಡಾಕ್ಟರು ಹೇಳಿದ್ದು ನೆನಪಾಗಿ ಪೂರ್ತಿ ಕುಡಿದಳು. ಇನ್ನೊಂದು ಕೊಟ್ಟ, ಅದನ್ನೂ ಕುಡಿದಳು. ಇನ್ನು ಹೆದರಿಕೆ ಯಾಕೆ, ಕಾರ್ಡು ಬರುತ್ತದೆ. ಎರಡು ಗಂಟೆ ಕೂರಿಸಿದರು.

ಮೇಡಂ ಬಂದರು. ಹಿಂದೆ ಕನ್ನಡಕದ ಹುಡುಗಿ, ಕೈಯಲ್ಲಿ ತಂತಿಯ ಕೈಗವಸು. ಈ ಸಲ ಎಡಗೈಯದು. ಹುಡುಗಿ ಅವಳ ಮುಖ ನೋಡಲಿಲ್ಲ. ಕಿವಿಯಕ್ಕನಿಗೆ ಆಗಲೇ ಗೊತ್ತಾಯಿತು.

ಮೇಡಂ ಎದುರು ಕೂತು ನಿಧಾನವಾಗಿ, ತುಟಿ ಕಾಣುವ ಹಾಗೆ ಮಾತಾಡಿದರು. ಕಿವಿ ಇಲ್ಲದವರನ್ನು ಕಾಯಂ ಮಾಡಲು ನಿಯಮದಲ್ಲಿ ಜಾಗವಿಲ್ಲ. ಏಳು ವರ್ಷದಿಂದ ಮುಚ್ಚಿಟ್ಟದ್ದು ಮೋಸ, ಆದರೂ ಸಂಸ್ಥೆ ಕೇಸು ಹಾಕುವುದಿಲ್ಲ. ಮೂರು ದಿನ ಈ ಕೈಗವಸು ಹಾಕಿಕೊಂಡು ತಟ್ಟಿಕೊಟ್ಟರೆ ಗೌರವದಿಂದ ಕಳಿಸಿಕೊಡುತ್ತೇವೆ. ಪ್ರಶಂಸಾ ಪತ್ರವೂ ಉಂಟು.

"ಕಿವಿ ತಿಂದಿದ್ದು ನಿಮ್ಮ ಫ್ಯಾನು" ಅಂದಳು ಕಿವಿಯಕ್ಕ.

"ಅದು ಬೇರೆ ವಿಷಯ."

"ಬಲಗೈ ಕೊಟ್ಟೆ. ಕಿವಿ ಕೊಟ್ಟೆ. ಒಳಗಿನ ಒಂದು ಪಿಂಡಾನೂ ಹೋಯ್ತು. ಈ ಕೈ ನಂದು. ಕೊಡಲ್ಲ."

"ನೀವು ಸರಿಯಾಗಿ ತಿಳ್ಕೋಬೇಕು" ಅಂದರು ಮೇಡಂ. "ಅದು ನಿಮ್ಮ ಸ್ವಂತದ್ದಲ್ಲ. ಕೆಲಸದ ಹೊತ್ತಲ್ಲಿ, ಕೆಲಸದ ಜಾಗದಲ್ಲಿ ನಿಮ್ಮಿಂದ ಏನೇ ಬಂದ್ರೂ ಅದು ಸಂಸ್ಥೆಯ ಆಸ್ತಿ. ಒಪ್ಪಂದದಲ್ಲಿ ನಿಮ್ಮ ಸಹಿ ಇದೆ. ನಿಮ್ಮ ತಂಗೀದೂ ಇದೆ. ಅವರ ಕೆಲಸದ ಬಗ್ಗೆನೂ ಯೋಚನೆ ಮಾಡಿ."

ಕಿವಿಯಕ್ಕ ಯೋಚನೆ ಮಾಡುವ ಸ್ಥಿತಿಯಲ್ಲಿರಲಿಲ್ಲ. ಎರಡು ಬಾಟಲಿ ನೀರು ಕೆಳಗಿಳಿದಿತ್ತು. ಕಿಬ್ಬೊಟ್ಟೆ ಕಲ್ಲಾಗಿತ್ತು, ಉರಿ ತೊಡೆಗೆ ಹರಿಯುತ್ತಿತ್ತು. ಕಕ್ಕಸಿನ ಬಾಗಿಲು ಹತ್ತು ಹೆಜ್ಜೆ ದೂರದಲ್ಲಿ ಕಾಣುತ್ತಿತ್ತು.

"ಮೊದ್ಲು ಹೋಗಿ ಬರ್ತೀನಿ ಮೇಡಂ. ಬಾಗಿಲು ತೆಗೆಸಿ. ತಡೆಯಕ್ಕಾಗ್ತಿಲ್ಲ."

ಮೇಡಂ ಕೈಗವಸನ್ನು ಅವಳ ಮಡಿಲಿಗೆ ಇಟ್ಟರು. ಅದರ ಮೇಲೆ ಒಂದು ಕಾರ್ಡು ಇಟ್ಟರು. "ಮೂರು ದಿನದ ಕಾರ್ಡು. ಕೈಗವಸು ಹಾಕ್ಕೊಳ್ಳಿ, ಈಗಲೇ ಹೋಗಿ ಬನ್ನಿ."

ಕಿವಿಯಕ್ಕ ಹುಡುಗಿಯನ್ನು ನೋಡಿದಳು. ಹುಡುಗಿಯ ಕತ್ತಿನಲ್ಲಿ ಕಾರ್ಡು ತೂಗುತ್ತಿತ್ತು. ಹುಡುಗಿ ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡಳು.

ಕೈಗವಸನ್ನೂ ಕಾರ್ಡನ್ನೂ ಕಿವಿಯಕ್ಕ ನೆಲಕ್ಕೆ ಇಟ್ಟಳು. ಎಸೆಯಲಿಲ್ಲ. ಎದ್ದು ಪೀಠಗಳ ಸಾಲಿಗೆ ನಡೆದಳು. ಎಲ್ಲಕ್ಕಿಂತ ಎತ್ತರದ, ಎಲ್ಲಕ್ಕಿಂತ ಬಿಳಿಯ ಕಮೋಡು ಹಲಗೆಯ ಕೆಳಗೇ ಇತ್ತು. ಎಡಗೈ ಅದರ ಹೊಟ್ಟೆಯ ಮೇಲಿಟ್ಟು ಬಲಗೈ ಗೆಣ್ಣಿನಿಂದ ಒಂದು ಪೆಟ್ಟು ಹಾಕಿದಳು. ಗಟ್ಟಿ ಮಾಲು. ಜೇಬಿನಿಂದ ನೀಲಿ ಸೀಮೆಸುಣ್ಣ ತೆಗೆದು ಒಂದು ಗೀಟು ಎಳೆದಳು.

ಗಾಜಿನ ಬಾಗಿಲಾಚೆ ಪ್ಯಾಕಿಂಗಿಗೆ ಮಾಲು ಹೊತ್ತು ಹೋಗುತ್ತಿದ್ದ ಹೆಂಗಸರು ಮಾಲು ಇಳಿಸಿ ನಿಂತರು. ಕಿವಿಯಕ್ಕ ಬಟ್ಟೆ ಎತ್ತುವುದು ಕಂಡಿತು. ಯಾರೂ ಯಾರನ್ನೂ ಕೇಳಲಿಲ್ಲ. ಬಾಗಿಲು ತಳ್ಳಿ ಬಂದರು, ಈ ಸಲ ಚಪ್ಪಲಿ ಬಿಡಲಿಲ್ಲ. ಸುತ್ತ ಬೆನ್ನು ಕೊಟ್ಟು ನಿಂತು ಏಪ್ರನ್ನು ಅಗಲಿಸಿದರು. ತಂಗಿ ಮುಂದೆ. ಆರು ಜನ. ಏಳನೆಯ ಜಾಗ ಖಾಲಿ ಉಳಿಯಿತು, ಕನ್ನಡಕದ ಹುಡುಗಿ ನಿಂತಿದ್ದ ಕಡೆಯೇ. ಒಂದು ಹೆಜ್ಜೆ ಮುಂದೆ ಬಂದಿದ್ದರೆ ಗೋಡೆ ಮುಚ್ಚುತ್ತಿತ್ತು. ಅವಳು ಒಂದು ಹೆಜ್ಜೆ ಹಿಂದೆ ಇಟ್ಟಳು. ಹಾಲು ಒರೆಸುವ ಮುದುಕಿ ಬಕೆಟ್ಟು ಕೆಳಗಿಟ್ಟು ಬಂದು ಆ ಜಾಗದಲ್ಲಿ ನಿಂತಳು.

"ಎಳೀರಿ ಅವರನ್ನ" ಅಂದರು ಮೇಡಂ ಕಾವಲುಗಾರನಿಗೆ. ಕಾವಲುಗಾರ ಹೆಂಗಸರ ಮುಖ ನೋಡಿದ. ಆಮೇಲೆ ಗೋಡೆಯ ಕಡೆ ತಿರುಗಿ ನಿಂತುಬಿಟ್ಟ, ಇಟ್ಟಿಗೆಯ ಗೋಡೆಯ ಕಡೆ.

ಕಿವಿಯಕ್ಕ ಕೂತಳು. ಹತ್ತೊಂಬತ್ತು ವರ್ಷದ ನೀರು ಹೋಗುತ್ತಿದೆ ಅನ್ನಿಸಿತು. ಉರಿಯಿತು, ಹಲ್ಲು ಕಚ್ಚಿದಳು. ಪ್ರದರ್ಶನದ ಕಮೋಡಿಗೆ ಕೊಳವೆ ಇರುವುದಿಲ್ಲ. ಉಚ್ಚೆ ಪೀಠದಿಂದ ಇಳಿದು, ಹೊಳೆಯುವ ಕಲ್ಲಿನ ಮೇಲೆ ಹರಿದು, ಹೆಂಗಸರ ಕಾಲ ಸಂದಿಯಿಂದ ಹೊರಟು ಮೇಡಂನ ಬೂಟಿನ ತನಕ ಹೋಯಿತು. ಹಳದಿ ಅಲ್ಲ, ತಿಳಿಗೆಂಪು. ಮೇಡಂ ಬಾಯಿ ಮುಚ್ಚಿಕೊಂಡರು.

ಎದ್ದು ಬಟ್ಟೆ ಸರಿಮಾಡಿಕೊಂಡು ಗೋಡೆಯಿಂದ ಹೊರಬಂದಳು ಕಿವಿಯಕ್ಕ.

"ಒರೆಸಿ ಹೋಗು" ಅಂದರು ಮೇಡಂ. ಮೊದಲ ಸಲ ನೀವು ಹೋಗಿ ನೀನು ಆಗಿತ್ತು.

"ಕೆಲಸದ ಹೊತ್ತಲ್ಲಿ, ಕೆಲಸದ ಜಾಗದಲ್ಲಿ ನನ್ನಿಂದ ಬಂದಿದ್ದು" ಅಂದಳು ಕಿವಿಯಕ್ಕ. "ನಿಮ್ಮ ಆಸ್ತಿ. ಇಟ್ಕೊಳ್ಳಿ."

ಅರ್ಧ ಗಂಟೆಯೊಳಗೆ ಎಂಟೂ ಜನ ಗೇಟಿನ ಹೊರಗಿದ್ದರು, ಒರೆಸುವ ಮುದುಕಿಯೂ ಸೇರಿ. ಕಾವಲುಗಾರನನ್ನು ಸಂಜೆ ಕಳಿಸಿದರು. ಕನ್ನಡಕದ ಹುಡುಗಿ ಎಡಗೈಗೆ ತಾನೇ ಕೈಗವಸು ತೊಟ್ಟು ಗೂಡಿನ ಪಕ್ಕದ ಮೇಜಿಗೆ ಕೂತಳು, ಆ ಫ್ಯಾನಿನಿಂದ ಆರು ಹೆಜ್ಜೆ. ಹಲಗೆಯಲ್ಲಿ ಅವಳ ಫೋಟೋ ಮಾತ್ರ ಮೇಲೇ ಇತ್ತು.

ರಸ್ತೆಯಲ್ಲಿ ತಂಗಿ ಉಳಿದ ಹೆಂಗಸರ ಜೊತೆ ಬಿರುಸಾಗಿ ಮುಂದೆ ನಡೆದಳು. ಆಮೇಲೆ ಎದುರಿಗೆ ಬಂದು ನಿಂತು ಬೈದಳು. "ನಿನ್ನ ಕೈ ಉಳಿಸ್ಕೊಂಡೆ. ನನ್ನ ಅನ್ನ ಹೋಯ್ತಲ್ಲೇ. ಇವರೆಲ್ಲರದ್ದೂ ಹೋಯ್ತಲ್ಲೇ." ಕಿವಿಯಕ್ಕ ತಲೆ ತಗ್ಗಿಸಿದಳು.

ತಿರುವಿನಲ್ಲಿ ಒಂದು ಬೀದಿ ನಲ್ಲಿ ಇತ್ತು. ಕಿವಿಯಕ್ಕ ಬಗ್ಗಿ ಬೊಗಸೆಯೊಡ್ಡಿದವಳು ಅಭ್ಯಾಸಬಲದಿಂದ ಕೈ ಹಿಂದೆಗೆದಳು. ಮನೆ ಇನ್ನೂ ದೂರ, ದಾರಿಯೆಲ್ಲ ಬಯಲು.

ತಂಗಿ ಅವಳ ಎಡಗೈ ಹಿಡಿದು ನಲ್ಲಿಯ ಕೆಳಗೆ ಇಟ್ಟಳು. ಮುಖದ ಸಿಟ್ಟು ಇಳಿದಿರಲಿಲ್ಲ.

"ಕುಡಿ" ಅಂದಳು. "ಬೇಕಾದಾಗ ಹೇಳು. ನಿಲ್ತೀವಿ."